ಹಿಮ್ಮಡಿ ನೋವೆಂದರೆ ಯೂರಿಕ್ ಆಸಿಡ್ ಎಂದೇ ಅರ್ಥವೇ? ಪಾದ ಮತ್ತು ಹರಡಿನ (ಪಾದ ಕಾಲಿಗೆ ಸೇರುವ ಗಂಟಿನ) ನೋವಿನ ಬಗ್ಗೆ ಚರ್ಚೆ

ತೋಟದಮನೆ (ತೀರ್ಥಹಳ್ಳಿ ತಾಲ್ಲೂಕು)

ಅಮ್ಮನ ಕಾಲು ನೋವಿನ ವಿಷಯ. ವಯಸ್ಸು ಅರವತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ಅಡಿಕೆ ಕೊಯ್ಲು ಶುರುವಾದಾಗಿನಿಂದ ಬಲಗಾಲಿನ ಹಿಮ್ಮಡಿ ಊರಲು ಆಗುತ್ತಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಮೊದಲ ಹೆಜ್ಜೆಗೆ ಗೋಡೆ ಹಿಡಿಯಲೇಬೇಕು. ಬಚ್ಚಲ ಒಲೆಗೆ ಬೆಂಕಿ ಮಾಡಿ, ಕೊಟ್ಟಿಗೆಗೆ ಹೋಗಿ ಬರುವಷ್ಟರಲ್ಲಿ ನೋವು ಸಡಿಲವಾಗುತ್ತದೆ. ಮಧ್ಯಾಹ್ನ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದು ಎದ್ದರೆ ಮತ್ತೆ ಅದೇ ಕಥೆ.

ಪೇಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು, ಯೂರಿಕ್ ಆಸಿಡ್ 6.4 ಬಂತು. ಔಷಧಿ ಅಂಗಡಿಯವರು ಅದನ್ನು ನೋಡಿದ್ದೇ ತಡ ಮಾತ್ರೆ ಕೊಟ್ಟು, ಬೇಳೆ, ಟೊಮೆಟೊ, ಪಾಲಕ್ ಎಲ್ಲವನ್ನೂ ಬಿಡಿ ಎಂದರು. ಎಕ್ಸ್‌ರೇಯಲ್ಲಿ ಹಿಮ್ಮಡಿಯ ಎಲುಬಿಗೆ ಮುಳ್ಳು ಬೆಳೆದಿದೆಯಂತೆ, ಆಪರೇಷನ್ ಬೇಕಾಗಬಹುದು ಎಂದು ಒಬ್ಬರು ಹೆದರಿಸಿದ್ದಾರೆ. ಪಕ್ಕದ ಮನೆಯ ಅತ್ತೆ, ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಸಿ ಹಿಮ್ಮಡಿ ಒತ್ತಿದರೆ ವಾರದಲ್ಲಿ ಹೋಗುತ್ತದೆ ಎನ್ನುತ್ತಾರೆ. ಅಮ್ಮನಿಗೆ ಮೂರನೆಯದರ ಮೇಲೆ ನಂಬಿಕೆ. ತಿಳಿದವರು ಹೇಳಿ.

ಬಿದನೂರು ಸೀಮೆ

ಈಗ ಯಾರ ಮೈಯಲ್ಲಿ ಎಲ್ಲೇ ನೋವಿರಲಿ, ಯೂರಿಕ್ ಆಸಿಡ್ ಎಂಬ ಹೆಸರು ಕೇಳದೆ ಇರುವುದಿಲ್ಲ. ಹಿಂದೆ ಎಲ್ಲಕ್ಕೂ ವಾಯು ಎನ್ನುತ್ತಿದ್ದರು, ಈಗ ಆ ಜಾಗಕ್ಕೆ ಇದು ಬಂದಿದೆ. ನಮ್ಮೂರಿನಲ್ಲಿ ತೊಗರಿಬೇಳೆ ಸಾರು ಬಿಟ್ಟು ಬರೀ ತಿಳಿಸಾರು ಕುಡಿಯುತ್ತಿರುವ ಹಿರಿಯರು ಮನೆಗೊಬ್ಬರಂತೆ ಇದ್ದಾರೆ. ಹಿಮ್ಮಡಿ ನೋವು ಮಾತ್ರ ಹಾಗೆಯೇ ಇದೆ.

ಸಾಗರದ ಫಿಸಿಯೋ

ತೋಟದಮನೆಯವರೇ, ನೀವು ಬರೆದ ರೀತಿಯಲ್ಲೇ ಅರ್ಧ ಉತ್ತರ ಇದೆ. ಒಂದೊಂದು ಪಾದದಲ್ಲಿ 26 ಎಲುಬು, 33 ಕೀಲುಗಳಿವೆ. ಅವುಗಳ ಜೊತೆಗೆ ಎಲುಬಿಗೆ ಎಲುಬನ್ನು ಬಿಗಿಯುವ ಕಟ್ಟುಗಳು, ಸ್ನಾಯುವನ್ನು ಎಲುಬಿಗೆ ಸೇರಿಸುವ ಸ್ನಾಯುರಜ್ಜುಗಳು, ನರಗಳು. ಇಷ್ಟು ಇರುವ ಕಡೆ ಬರುವ ನೋವಿಗೆಲ್ಲ ಒಂದೇ ಹೆಸರು ಕೊಡಲಾಗದು. ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: ಒಂದೇ ಬೆರಳಿನಿಂದ ತೋರಿಸಿ, ನೋವು ಎಲ್ಲಿ? ಯಾವ ಹೊತ್ತಿನಲ್ಲಿ ಹೆಚ್ಚು? ರಕ್ತ ಪರೀಕ್ಷೆ, ಎಕ್ಸ್‌ರೇ ಆಮೇಲೆ.

ಹಿಮ್ಮಡಿಯ ಅಡಿಭಾಗದಲ್ಲಿ, ಸ್ವಲ್ಪ ಒಳಮಗ್ಗುಲಿಗೆ ನೋವು. ಮೊದಲ ಹೆಜ್ಜೆಗೆ ಜಾಸ್ತಿ, ನಡೆದರೆ ಕಡಿಮೆ, ಕುಳಿತು ಎದ್ದರೆ ಮತ್ತೆ ಜಾಸ್ತಿ. ಇದು ಬಹುಮಟ್ಟಿಗೆ ಪ್ಲಾಂಟಾರ್ ಫೇಸಿಯೈಟಿಸ್. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಗಟ್ಟಿಯಾದ ಒಂದು ಪಟ್ಟಿ ಇದೆ. ಬಿಲ್ಲಿಗೆ ಹೆದೆ ಹೇಗೋ ಪಾದದ ಕಮಾನಿಗೆ ಅದು ಹಾಗೆ. ಬಹಳ ಹೊತ್ತು ನಿಂತು ಕೆಲಸ ಮಾಡುವವರು, ಮೈತೂಕ ಹೆಚ್ಚಿದವರು, ಮೀನಖಂಡ ಬಿಗಿಯಾಗಿರುವವರು, ನಲವತ್ತರಿಂದ ಅರವತ್ತರ ಆಸುಪಾಸಿನವರು, ಇವರಲ್ಲಿ ಆ ಪಟ್ಟಿ ಹಿಮ್ಮಡಿಯ ಎಲುಬಿಗೆ ಅಂಟಿರುವ ಜಾಗ ಸವೆದು ನೋಯುತ್ತದೆ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ಗಂಟೆಗಟ್ಟಲೆ ನಿಲ್ಲುವವರು, ಅಂಗಳದಲ್ಲಿ ಅಡಿಕೆ ಹರವುತ್ತಾ ಬರಿಗಾಲಿನಲ್ಲಿ ಓಡಾಡುವವರು ಪ್ರತಿ ವರ್ಷ ಇದೇ ತಿಂಗಳುಗಳಲ್ಲಿ ನನ್ನ ಹತ್ತಿರ ಬರುತ್ತಾರೆ.

ಮುಳ್ಳಿನ ವಿಷಯ. ಎಕ್ಸ್‌ರೇಯಲ್ಲಿ ಮುಳ್ಳು ಕಂಡರೂ ಒಂದಿಷ್ಟೂ ನೋವಿಲ್ಲದವರು ಬೇಕಾದಷ್ಟು ಮಂದಿ ಇದ್ದಾರೆ. ಮುಳ್ಳೇ ಇಲ್ಲದೆ ನರಳುವವರೂ ಇದ್ದಾರೆ. ಅದನ್ನು ಕೊಯ್ದು ತೆಗೆಯುವ ಮಾತು ಸದ್ಯಕ್ಕೆ ಬೇಡ. ಈ ನೋವು ಹೆಚ್ಚಿನವರಲ್ಲಿ ಆಪರೇಷನ್ ಇಲ್ಲದೆಯೇ ಆರು ತಿಂಗಳಿಂದ ಒಂದು ವರ್ಷದೊಳಗೆ ಇಳಿಯುತ್ತದೆ. ಇಷ್ಟು ದೀರ್ಘ ಕಾಲ ಎಂದರೆ ಯಾರಿಗೂ ಇಷ್ಟವಾಗುವುದಿಲ್ಲ, ಆದ್ದರಿಂದಲೇ ವಾರದಲ್ಲಿ ಗುಣ ಎನ್ನುವವರ ಬಳಿ ಜನ ಹೋಗುತ್ತಾರೆ.

ಮಾಡಬೇಕಾದದ್ದು: ಹಾಸಿಗೆಯಿಂದ ಕಾಲು ಇಳಿಸುವ ಮೊದಲೇ, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಕೈಯಿಂದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಹಿಂದಕ್ಕೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯಬೇಕು. ಅಂಗಾಲಿನ ಪಟ್ಟಿ ತಂತಿಯಾಗಿ ಬಿಗಿದದ್ದು ಇನ್ನೊಂದು ಕೈಗೆ ಸಿಗಬೇಕು. ಹೀಗೆ ಹತ್ತು ಸಲ. ಸುಲಿಯಲು ಕುಳಿತು ಏಳುವ ಮುಂಚೆಯೂ ಹೀಗೆಯೇ. ಜೊತೆಗೆ ಗೋಡೆಗೆ ಕೈಯೂರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಿ ಮೀನಖಂಡವನ್ನು ಹಿಗ್ಗಿಸುವುದು. ನೋವು ಸ್ವಲ್ಪ ತಗ್ಗಿದ ಮೇಲೆ, ಸುತ್ತಿದ ಟವೆಲ್ಲಿನ ಮೇಲೆ ಬೆರಳುಗಳನ್ನಿಟ್ಟು ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ, ದಿನ ಬಿಟ್ಟು ದಿನ. ಸ್ಟೆರಾಯ್ಡ್ ಚುಚ್ಚುಮದ್ದು ಕೆಲವು ವಾರ ಆರಾಮ ಕೊಡುತ್ತದೆ ನಿಜ. ಆದರೆ ಮತ್ತೆ ಮತ್ತೆ ಹಾಕಿಸಿಕೊಂಡರೆ ಪಟ್ಟಿಯೇ ಹರಿಯಬಹುದು, ಹಿಮ್ಮಡಿಯ ಮೆತ್ತೆಯಂಥ ಕೊಬ್ಬು ಕರಗಬಹುದು. ಸಕ್ಕರೆ ಇರುವವರಲ್ಲಿ ಕೆಲವು ದಿನ ಸಕ್ಕರೆಯೂ ಏರುತ್ತದೆ.

ನಿವೃತ್ತ ಸಿಸ್ಟರ್, ಶಿವಮೊಗ್ಗ

ಬಿಸಿ ಇಟ್ಟಿಗೆಯನ್ನು ದಯವಿಟ್ಟು ಮುಟ್ಟಿಸಬೇಡಿ. ಎಕ್ಕದ ಎಲೆಯ ಮೇಲೆ ನನಗೆ ಜಗಳವಿಲ್ಲ, ಜಗಳ ಇಟ್ಟಿಗೆಯ ಮೇಲೆ. ಸಕ್ಕರೆ ಕಾಯಿಲೆ ಹಳೆಯದಾದಂತೆ ಅಂಗಾಲಿನ ಸ್ಪರ್ಶ ಮಂಕಾಗುತ್ತದೆ. ಎಷ್ಟು ಬಿಸಿ ಎಂದು ಕಾಲಿಗೆ ಗೊತ್ತಾಗುವುದಿಲ್ಲ. ವಾರ್ಡಿನಲ್ಲಿ ನಾನು ಡ್ರೆಸಿಂಗ್ ಮಾಡಿದ ಹಿಮ್ಮಡಿ ಹುಣ್ಣುಗಳಲ್ಲಿ ಹಲವು ಇಂಥ ಶಾಖದಿಂದ ಆದವು. ಬಚ್ಚಲ ಹಂಡೆಯ ನೀರಿಗೂ ಇದೇ ಮಾತು. ಕಾಲಿಡುವ ಮುಂಚೆ ಮೊಣಕೈಯಿಂದ ಬಿಸಿ ನೋಡಲಿ, ಅಥವಾ ಸಕ್ಕರೆ ಇಲ್ಲದವರು ಯಾರಾದರೂ ನೋಡಲಿ.

ಆಸ್ಪತ್ರೆಯಲ್ಲಿ ತೆಳುವಾದ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ಸ್ಪರ್ಶ ಪರೀಕ್ಷಿಸುತ್ತಾರೆ, 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ನೋವಿಲ್ಲ, ಐದು ನಿಮಿಷದ ಕೆಲಸ. ವರ್ಷಕ್ಕೊಮ್ಮೆಯಾದರೂ ಮಾಡಿಸಿ. ರಾತ್ರಿ ಅಂಗಾಲು ಉರಿ, ಜೋಮು, ಹತ್ತಿಯ ಮೇಲೆ ನಡೆದಂಥ ಭಾವನೆ ಇದ್ದರೆ ಅದು ನರದ ತೊಂದರೆ, ಹಿಮ್ಮಡಿಯ ಪಟ್ಟಿಯದಲ್ಲ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಮತ್ತು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ವಿಟಮಿನ್ ಕೊರತೆಯಿಂದಲೂ ಇದೇ ಉರಿ ಬರುತ್ತದೆ, ಅದನ್ನೂ ನೋಡಿಸಿ.

ಇನ್ನೊಂದು ವಿಷಯ, ಇದನ್ನು ವೈದ್ಯರೂ ಕೆಲವೊಮ್ಮೆ ಉಳುಕು ಎಂದುಕೊಳ್ಳುತ್ತಾರೆ. ಸಕ್ಕರೆ ಇರುವವರ ಒಂದು ಪಾದ ಇದ್ದಕ್ಕಿದ್ದಂತೆ ಕೆಂಪಾಗಿ, ಇನ್ನೊಂದು ಪಾದಕ್ಕಿಂತ ಬಿಸಿಯಾಗಿ ಊದಿಕೊಂಡು, ನೋವು ಮಾತ್ರ ಅಷ್ಟಕ್ಕಷ್ಟೇ ಇದ್ದರೆ, ಅದು ಶಾರ್ಕೋ ಪಾದ ಇರಬಹುದು. ಒಳಗೆ ಎಲುಬುಗಳು ಮುರಿಯುತ್ತಿರುತ್ತವೆ, ನರ ಸತ್ತಿರುವುದರಿಂದ ನೋವು ತಿಳಿಯದು. ಆ ಕಾಲಿನ ಮೇಲೆ ನಡೆಯುತ್ತಲೇ ಇದ್ದರೆ ಪಾದದ ಆಕಾರವೇ ಹಾಳಾಗುತ್ತದೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ತೋಟದಮನೆ (ತೀರ್ಥಹಳ್ಳಿ ತಾಲ್ಲೂಕು)

ಇಬ್ಬರಿಗೂ ಕೃತಜ್ಞತೆಗಳು. ಇಟ್ಟಿಗೆಯನ್ನು ಒಲೆಯಿಂದ ಕೆಳಗಿಳಿಸಿದ್ದೇನೆ, ಅಮ್ಮನಿಗೆ ಸಿಟ್ಟು ಬಂದಿದೆ. ಯೂರಿಕ್ ಆಸಿಡ್ ಮಾತ್ರೆಯ ಕಥೆ ಏನು ಹಾಗಾದರೆ?

ಸಾಗರದ ಫಿಸಿಯೋ

ಮಾತ್ರೆ ನಿಲ್ಲಿಸಿ ಎಂದು ನಾನು ಹೇಳುವಂತಿಲ್ಲ, ವೈದ್ಯರಲ್ಲಿ ಕೇಳಿ. ಅಂಗಡಿಯವರ ಮಾತಿನ ಮೇಲೆ ಶುರು ಮಾಡಿದ್ದನ್ನಂತೂ ಕೇಳಲೇಬೇಕು. ಆದರೆ ಯೂರಿಕ್ ಆಸಿಡ್ ಗಂಟಿನಲ್ಲಿ ಹರಳುಗಟ್ಟಿ ಬರುವ ಕಾಯಿಲೆ, ಅಂದರೆ ಗೌಟ್, ಹೇಗಿರುತ್ತದೆ ಎಂದು ಗೊತ್ತಿರಲಿ. ಸಾಮಾನ್ಯವಾಗಿ ಹೆಬ್ಬೆರಳಿನ ಬುಡದ ಗಂಟು. ನಡುರಾತ್ರಿ ಎಚ್ಚರವಾಗುವ ನೋವು. ಗಂಟು ಕೆಂಪಾಗಿ ಹೊಳೆಯುತ್ತದೆ, ಹೊದಿಕೆಯ ಅಂಚು ತಗುಲಿದರೂ ಸಹಿಸಲಾಗುವುದಿಲ್ಲ. ಕೆಲವರಿಗೆ ಹರಡಿನ ಗಂಟಿಗೂ ಬರುತ್ತದೆ. ಒಂದೆರಡು ವಾರದಲ್ಲಿ ತಾನಾಗಿ ಇಳಿದು, ತಿಂಗಳುಗಳ ಮೇಲೆ ಮತ್ತೆ ಬರುತ್ತದೆ. ನಿಮ್ಮ ತಾಯಿಯವರ ನೋವಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ರಕ್ತದಲ್ಲಿ ಯೂರಿಕ್ ಆಸಿಡ್ ಸ್ವಲ್ಪ ಹೆಚ್ಚಿದ್ದ ಮಾತ್ರಕ್ಕೆ ಗೌಟ್ ಆಗುವುದಿಲ್ಲ. ಹಾಗೆಯೇ ನಿಜವಾದ ಗೌಟ್ ಕೆರಳಿರುವಾಗ ರಕ್ತ ಪರೀಕ್ಷೆ ಸರಿಯಾಗಿಯೇ ಬರುವುದೂ ಉಂಟು. ಆಗ ಕೆಲವು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಗೌಟ್ ಇದೆ ಎಂದು ಖಚಿತವಾದವರಿಗೆ ಯೂರಿಕ್ ಆಸಿಡ್ ಅನ್ನು 6ಕ್ಕಿಂತ ಕೆಳಗೆ ಇಡುವುದು ಗುರಿ, ಮಾತ್ರೆ ವರ್ಷಗಟ್ಟಲೆ ಬೇಕಾಗುತ್ತದೆ.

ಬಿದನೂರು ಸೀಮೆ

ಪಥ್ಯದ ಬಗ್ಗೆಯೂ ಹೇಳಿಬಿಡಿ. ನಮ್ಮಲ್ಲಿ ಬೇಳೆ, ಪಾಲಕ್ ಬಿಟ್ಟವರು ಭಾನುವಾರದ ಬಂಗುಡೆ, ಬೂತಾಯಿ ಬಿಟ್ಟದ್ದನ್ನು ನಾನು ನೋಡಿಲ್ಲ.

ಸಾಗರದ ಫಿಸಿಯೋ

ಸರಿಯಾಗಿ ಹಿಡಿದಿರಿ. ಗೌಟ್ ಇರುವವರು ಕಡಿಮೆ ಮಾಡಬೇಕಾದದ್ದು ಮದ್ಯ, ಅದರಲ್ಲೂ ಬಿಯರ್, ಕರುಳು, ಲಿವರ್‌ನಂಥ ಒಳಾಂಗದ ಮಾಂಸ, ಬೂತಾಯಿಯಂಥ ಮೀನು, ಸಕ್ಕರೆ ತುಂಬಿದ ತಂಪು ಪಾನೀಯ. ಬೇಳೆ, ಸೊಪ್ಪಿನಿಂದ ಗೌಟ್ ಹೆಚ್ಚುತ್ತದೆ ಎಂಬುದಕ್ಕೆ ಆಧಾರ ತೀರಾ ಕಡಿಮೆ.

ಘಾಟಿ ಕಂಡಕ್ಟರ್

ನನ್ನದು ಹಿಮ್ಮಡಿಯಲ್ಲ. ಬಸ್ಸಿನಲ್ಲಿ ನಿಂತೇ ಆಗುಂಬೆ ಘಾಟಿ ಇಳಿಯುವ ಕೆಲಸ. ತಿರುವಿನಲ್ಲಿ ಬೆರಳು ಊರಿ ನಿಂತಾಗ, ಮುಂಗಾಲಿನಲ್ಲಿ ಮೂರನೆಯ ಮತ್ತು ನಾಲ್ಕನೆಯ ಬೆರಳಿನ ನಡುವೆ ಚುರಕ್ ಎನ್ನುತ್ತದೆ, ಆ ಎರಡು ಬೆರಳು ಮರಗಟ್ಟುತ್ತವೆ. ಕಲ್ಲು ಸಿಕ್ಕಿಕೊಂಡಿದೆಯೇನೋ ಎಂದು ಬೂಟು ಬಿಚ್ಚಿ ಕೊಡವಿದರೆ ಏನೂ ಇರುವುದಿಲ್ಲ. ಬೂಟು ಬಿಚ್ಚಿ ತಿಕ್ಕಿದರೆ ಸಮಾಧಾನ. ಇದೇನು?

ಸಾಗರದ ಫಿಸಿಯೋ

ಮಾರ್ಟನ್ ನ್ಯೂರೋಮಾ ಇರಬಹುದು, ಬೆರಳುಗಳ ನಡುವಿನ ನರ ದಪ್ಪವಾಗಿ ಒತ್ತುವುದು. ಮುಂಭಾಗ ಚೂಪಾದ ಬೂಟು ಇದ್ದರೆ ಮೊದಲು ಅದನ್ನು ಬದಲಿಸಿ, ಬೆರಳು ಹರಡುವಷ್ಟು ಅಗಲ ಇರಲಿ. ಬೆರಳುಗಳ ಬುಡಕ್ಕಿಂತ ಸ್ವಲ್ಪ ಹಿಂದೆ ಕೂರುವ ಸಣ್ಣ ಮೆತ್ತೆ ಸಿಗುತ್ತದೆ, ಅದನ್ನು ಬೂಟಿನೊಳಗೆ ಅಂಟಿಸಿದರೆ ನರದ ಮೇಲಿನ ಒತ್ತಡ ಇಳಿಯುತ್ತದೆ. ಆದರೆ ನೋವು ಎರಡು ಬೆರಳಿನ ನಡುವೆ ಅಲ್ಲದೆ ಒಂದೇ ಎಲುಬಿನ ಮೇಲೆ ಇದ್ದು, ಮೇಲಿನಿಂದ ಒತ್ತಿದರೆ ನೊಂದು, ಪಾದದ ಬೆನ್ನು ಊದಿದ್ದರೆ, ಎಲುಬಿನಲ್ಲಿ ಕೂದಲೆಳೆ ಬಿರುಕು ಬಿಟ್ಟಿರಬಹುದು. ಅಂಥ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ, ಎರಡು ಮೂರು ವಾರಗಳ ನಂತರ ಕಾಣುವುದು ಸಾಮಾನ್ಯ.

ಕೊಡಚಾದ್ರಿ ಚಾರಣಿಗ

ಮಳೆಗಾಲ ಮುಗಿಯುತ್ತಿದ್ದಂತೆ ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಕಾಲು ಉಳುಕಿಸಿಕೊಳ್ಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಹತ್ತುವಾಗ ಅಲ್ಲ, ಇಳಿಯುವಾಗ, ಸುಸ್ತಾದ ಮೇಲೆ, ಪಾಚಿ ಹಿಡಿದ ಕಲ್ಲಿನ ಮೇಲೆ. ಪಾದ ಒಳಕ್ಕೆ ಮಗುಚುತ್ತದೆ, ಹೊರಗಿನ ಗಂಟಿನ ಕೆಳಗೆ ನಿಂಬೆಹಣ್ಣಿನ ಗಾತ್ರಕ್ಕೆ ಊದುತ್ತದೆ. ನಮ್ಮ ಗುಂಪಿನ ಹುಡುಗನನ್ನು ಅವರ ಮನೆಯವರು ಎಲುಬು ಕಟ್ಟುವವರ ಬಳಿ ಕರೆದುಕೊಂಡು ಹೋದರು. ಅವರು ಎಳೆದು ಬಿದಿರಿನ ಪಟ್ಟಿ ಕಟ್ಟಿದರು, ಆಮೇಲೆ ನೋಡಿದರೆ ಎಲುಬೇ ಮುರಿದಿತ್ತು. ಉಳುಕು ಯಾವುದು, ಮುರಿದದ್ದು ಯಾವುದು ಎಂದು ಕಾಡಿನ ನಡುವೆ ತಿಳಿಯುವುದು ಹೇಗೆ?

ನಿವೃತ್ತ ಸಿಸ್ಟರ್, ಶಿವಮೊಗ್ಗ

ಇದಕ್ಕೆ ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ರೂಪಿಸಿದ ನಿಯಮ ಇದೆ, ಈಗ ಎಲ್ಲ ಕಡೆ ಬಳಸುತ್ತಾರೆ. ಹರಡಿನ ಒಳಗಿನ ಅಥವಾ ಹೊರಗಿನ ಗಂಟಿನ ತುದಿಯನ್ನು, ಅಲ್ಲಿಂದ ಮೇಲಕ್ಕೆ ಹಿಂಬದಿಯ ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಉದ್ದಕ್ಕೆ ಎಲುಬನ್ನೇ ಒತ್ತಿ ನೋಡಬೇಕು. ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಎಲುಬನ್ನು, ಒಳ ಅಂಚಿನಲ್ಲಿ ಕಮಾನಿನ ಮೇಲಿರುವ ಎಲುಬನ್ನೂ ಒತ್ತಬೇಕು. ಇವುಗಳಲ್ಲಿ ಎಲ್ಲಾದರೂ ಎಲುಬು ನೊಂದರೆ, ಅಥವಾ ಬಿದ್ದ ಕೂಡಲೇ ಮತ್ತು ಆಸ್ಪತ್ರೆಯಲ್ಲೂ ಕುಂಟುತ್ತಾದರೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಎಕ್ಸ್‌ರೇ ಬೇಕು. ಎರಡೂ ಇಲ್ಲದಿದ್ದರೆ ಮುರಿದಿರುವ ಸಂಭವ ತೀರಾ ಕಡಿಮೆ. ಸಕ್ಕರೆಯಿಂದ ಸ್ಪರ್ಶ ಹೋದವರಿಗೆ, ಕುಡಿದವರಿಗೆ ಈ ಲೆಕ್ಕ ಹಾಕಬೇಡಿ.

ಉಳುಕಿದ ಕಾಲನ್ನು ಎಳೆಯುವುದು, ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು ಮೊದಲ ಎರಡು ಮೂರು ದಿನ ಬೇಡವೇ ಬೇಡ. ಕ್ರೇಪ್ ಬ್ಯಾಂಡೇಜ್ ಸುತ್ತಿ, ದಿಂಬಿನ ಮೇಲೆ ಎತ್ತರಕ್ಕೆ ಇಡಿ.

ಸಾಗರದ ಫಿಸಿಯೋ

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಉಳುಕು ವಾಸಿಯಾಯಿತು ಎಂದು ನಡೆಯಲು ಶುರು ಮಾಡಿದವರೇ ಮರುವರ್ಷ ಅದೇ ಕಾಲನ್ನು ಮತ್ತೆ ಉಳುಕಿಸಿಕೊಂಡು ಬರುತ್ತಾರೆ. ಹರಿದ ಕಟ್ಟು ಕೂಡಿದರೂ, ಪಾದ ಎಷ್ಟು ಓರೆಯಾಗಿದೆ ಎಂದು ಮಿದುಳಿಗೆ ತಿಳಿಸುವ ಶಕ್ತಿ ಮಂದವಾಗಿರುತ್ತದೆ. ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲಿ. ಅದು ಸುಲಭವಾದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ಸಂಕ (ಹಳ್ಳದ ಮೇಲಿನ ಕಿರಿದಾದ ಕಾಲುಸೇತುವೆ) ದಾಟುವ ಊರಿನವರಿಗೆ ಇದು ಬೇಕೇಬೇಕಾದ ವ್ಯಾಯಾಮ.

ಶರಾವತಿ ಹಿನ್ನೀರು

ನಮ್ಮ ತೋಟಕ್ಕೆ ಮೈಲುತುತ್ತ ಹೊಡೆಯಲು ಬರುವ ಕೊನೆಗಾರರೊಬ್ಬರಿಗೆ ಹಿಮ್ಮಡಿಯ ಹಿಂಭಾಗ, ಮೀನಖಂಡದಿಂದ ಇಳಿಯುವ ದಪ್ಪ ನರ ದಪ್ಪಗಾಗಿ ನೋಯುತ್ತದೆ. ಮರಕ್ಕೆ ತಳೆ ಹಾಕಿ ಹತ್ತುವಾಗ ಅಲ್ಲೇ ಭಾರ ಬೀಳುತ್ತದೆ. ಬಿಡುವು ತೆಗೆದುಕೊಳ್ಳಿ ಎಂದರೆ ಕೂಲಿ ಯಾರು ಕೊಡುತ್ತಾರೆ? ಕೊಳೆ ಔಷಧಿಗೆ ಮಳೆ ಬಿಡುವುದೇ ನಾಲ್ಕು ದಿನ.

ಸಾಗರದ ಫಿಸಿಯೋ

ಅದು ನರವಲ್ಲ, ಸ್ನಾಯುರಜ್ಜು, ಅಕಿಲೀಸ್ ಎನ್ನುತ್ತೇವೆ. ಪೂರ್ತಿ ಮಲಗಿಬಿಡುವುದು ಇದಕ್ಕೆ ಔಷಧಿಯಲ್ಲ, ಹಾಗಾಗಿ ಕೂಲಿಯ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಮರಗಳ ಸಂಖ್ಯೆ ಕಡಿಮೆ ಮಾಡಿಕೊಂಡು, ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ ನಿಂತು, ಎರಡೂ ಕಾಲಿನಿಂದ ಮೇಲೆದ್ದು, ನೋಯುವ ಒಂದೇ ಕಾಲಿನ ಮೇಲೆ ನಿಧಾನವಾಗಿ ಹಿಮ್ಮಡಿ ಇಳಿಸುವುದು. ದಿನವೂ ಮಾಡಿದರೆ ಸುಮಾರು ಹನ್ನೆರಡು ವಾರದಲ್ಲಿ ರಜ್ಜು ಬಲವಾಗುತ್ತದೆ. ನೋವು ಎಲುಬಿಗೆ ಅಂಟಿದ ಜಾಗದಲ್ಲೇ ಇದ್ದರೆ ಮೆಟ್ಟಿಲು ಬೇಡ, ಸಮನೆಲದಲ್ಲೇ ಮಾಡಲಿ.

ಅವರು ಇತ್ತೀಚೆಗೆ ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್ ತೆಗೆದುಕೊಂಡಿದ್ದಾರೆಯೇ ಕೇಳಿ. ಆ ಗುಂಪಿನ ಔಷಧಿಗಳು ಈ ರಜ್ಜನ್ನು ದುರ್ಬಲಗೊಳಿಸುತ್ತವೆ; ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಪೊಟ್ಟಣದ ಮೇಲೆ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿತು. ಹಿಂದಿನಿಂದ ಯಾರೋ ಒದ್ದಂತಾಗಿ ‘ಟಪ್’ ಎಂದು ಸದ್ದು ಬಂದು, ತುದಿಗಾಲಿನಲ್ಲಿ ನಿಲ್ಲಲು ಆಗದಿದ್ದರೆ ರಜ್ಜು ಹರಿದಿದೆ ಎಂದೇ ತಿಳಿದು ತಕ್ಷಣ ಮೂಳೆ ವೈದ್ಯರ ಬಳಿ ಹೋಗಲಿ.

ಕೊಪ್ಪದ ಹುಡುಗ

ನನಗೆ ಇಪ್ಪತ್ತೇಳು. ಮನೆಯಿಂದಲೇ ಕಂಪ್ಯೂಟರ್ ಕೆಲಸ, ನಿಲ್ಲುವುದೂ ಇಲ್ಲ, ತೋಟಕ್ಕೆ ಹೋಗುವುದೂ ಕಡಿಮೆ. ಎರಡೂ ಹಿಮ್ಮಡಿ ನೋವು, ಜೊತೆಗೆ ಬೆಳಿಗ್ಗೆ ಸೊಂಟ ಬಿಗಿ. ಓಡಾಡಿದರೆ ಪರವಾಗಿಲ್ಲ. ನಾನೂ ಬೆರಳು ಹಿಂದಕ್ಕೆ ಎಳೆಯುವ ವ್ಯಾಯಾಮ ಮಾಡಲೇ?

ನಿವೃತ್ತ ಸಿಸ್ಟರ್, ಶಿವಮೊಗ್ಗ

ತಮ್ಮಾ, ನೀನು ಮೊದಲು ಸಂಧಿವಾತ ತಜ್ಞರನ್ನು ನೋಡು. ಚಿಕ್ಕ ವಯಸ್ಸು, ಎರಡೂ ಹಿಮ್ಮಡಿ, ಅರ್ಧ ಗಂಟೆಗೂ ಹೆಚ್ಚು ಹೊತ್ತು ಸೊಂಟದ ಬಿಗಿತ, ವಿಶ್ರಾಂತಿಯಿಂದ ಹೆಚ್ಚಾಗಿ ಓಡಾಟದಿಂದ ಇಳಿಯುವ ನೋವು. ಇದು ಬೆನ್ನೆಲುಬಿನ ಕೀಲುಗಳು ಉರಿಯೂತದಿಂದ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಗುಂಪಿನ ಕಾಯಿಲೆಯ ಲಕ್ಷಣ ಇರಬಹುದು. ಕಣ್ಣು ಕೆಂಪಾಗಿ ನೋಯುವುದು, ಚರ್ಮದಲ್ಲಿ ಸೋರಿಯಾಸಿಸ್ ಇದ್ದರೆ ಅದನ್ನೂ ಹೇಳು. ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದೂ ಕೇಳಿಕೊಂಡು ಹೋಗು.

ಬಿದನೂರು ಸೀಮೆ

ಚಿಕೂನ್‌ಗುನ್ಯಾವನ್ನು ಮರೆತಿರಿ. 2006ರಲ್ಲಿ ರಾಜ್ಯದ ತುಂಬ ಹರಡಿದಾಗ ನಮ್ಮ ಕಡೆ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಜನ ಹರಡು ಹಿಡಿದುಕೊಂಡು ನಡೆಯುತ್ತಿದ್ದರು. ಜ್ವರ ಬಂದು ಹೋದದ್ದನ್ನು ವೈದ್ಯರಿಗೆ ಹೇಳದೆ ಬರೀ ಕಾಲು ತೋರಿಸಿದರೆ ಅವರಿಗೆ ತಿಳಿಯುವುದು ಹೇಗೆ?

ನಿವೃತ್ತ ಸಿಸ್ಟರ್, ಶಿವಮೊಗ್ಗ

ನಿಜ. ಊತದ ಬಗ್ಗೆಯೂ ಎರಡು ಮಾತು. ಎರಡೂ ಹರಡು ಸಂಜೆಗೆ ಊದುತ್ತಿದ್ದರೆ ಬಿಪಿ ಮಾತ್ರೆಯ ಹೆಸರು ನೋಡಿ. ಅಮ್ಲೋಡಿಪಿನ್‌ನಿಂದ ಹೀಗಾಗುವುದು ಸಾಮಾನ್ಯ. ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿದರೆ ಬದಲಿಸುತ್ತಾರೆ. ಜೊತೆಗೆ ಏದುಸಿರು ಇದ್ದರೆ ಹೃದಯ, ಮುಖವೂ ಊದಿದ್ದರೆ ಮೂತ್ರಪಿಂಡ ಪರೀಕ್ಷಿಸಬೇಕು. ಒಂದೇ ಕಾಲಿನ ಮೀನಖಂಡ ಊದಿ, ಬಿಗಿದು ನೋಯುತ್ತಿದ್ದರೆ, ಅದರಲ್ಲೂ ಆಪರೇಷನ್, ಹೆರಿಗೆ ಅಥವಾ ದೀರ್ಘ ಪ್ರಯಾಣದ ನಂತರ, ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಲೇಬಾರದು.

ತೋಟದಮನೆ (ತೀರ್ಥಹಳ್ಳಿ ತಾಲ್ಲೂಕು)

ಅಮ್ಮ ವ್ಯಾಯಾಮಕ್ಕೆ ಒಪ್ಪಿದ್ದಾರೆ. ಸ್ಪರ್ಶ ಪರೀಕ್ಷೆಗೂ ಬರುತ್ತಾರಂತೆ. ತೊಡಕಾಗಿರುವುದು ಚಪ್ಪಲಿ. ಮನೆಯೊಳಗೆ ಚಪ್ಪಲಿ ಹಾಕಿ ಎಂದರೆ, ಒಲೆ, ದೇವರು ಇರುವ ಮನೆಯಲ್ಲಿ ಅದೇನು ಮಾತು ಎನ್ನುತ್ತಾರೆ. ಹಳೆಯ ಗಾರೆ ನೆಲ ತೆಗೆದು ಗ್ರಾನೈಟ್ ಹಾಕಿಸಿದ್ದು ನಾನೇ, ಈಗ ಅದರ ಮೇಲೆ ಬರಿಗಾಲು.

ಶರಾವತಿ ಹಿನ್ನೀರು

ನಮ್ಮತ್ತೆಯವರದ್ದೂ ಇದೇ ಹಟವಾಗಿತ್ತು. ಅಂಗಡಿಯಿಂದ ಹೊಸ ಜೋಡಿ ತಂದು, ಅಂಗಳಕ್ಕೆ ಒಮ್ಮೆಯೂ ಇಳಿಸದೆ, ಇದು ಒಳಗಿನದ್ದು ಎಂದು ಜಗಲಿಯ ಈಚೆಗೆ ಇಟ್ಟೆವು. ದೇವರ ಮನೆಯ ಹೊಸ್ತಿಲ ಬಳಿ ಬಿಟ್ಟು ಹೋಗುತ್ತಾರೆ, ಅಡಿಗೆಮನೆಗೆ ಮಾತ್ರ ಅದನ್ನೂ ಒಪ್ಪಲಿಲ್ಲ. ಅಲ್ಲಿ ಒಲೆಯ ಮುಂದೆ ದಪ್ಪ ರಬ್ಬರ್ ಮ್ಯಾಟ್ ಹಾಸಿದ್ದೇವೆ.

ಸಾಗರದ ಫಿಸಿಯೋ

ಮ್ಯಾಟ್ ಒಳ್ಳೆಯ ಉಪಾಯ. ಚಪ್ಪಲಿ ಬೆರಳಿನಿಂದ ಮಡಚಿದರೆ ಎರಡು ಪದರವಾಗುವಷ್ಟು ಮೆತ್ತಗಿರಬಾರದು. ಬೆರಳಿನ ಬುಡದಲ್ಲಿ ಮಾತ್ರ ಬಾಗಬೇಕು. ಹಿಮ್ಮಡಿ ಮುಂಗಾಲಿಗಿಂತ ಸ್ವಲ್ಪ ಎತ್ತರ, ಕಮಾನಿಗೆ ಆಧಾರ ಇರಲಿ. ಸವೆದ ಹವಾಯಿ ಚಪ್ಪಲಿ ಬೇಡ. ತೋಟಕ್ಕೆ ಗಂಬೂಟು ಹಾಕುವುದಾದರೆ ಒಳಗೆ ಇನ್‌ಸೋಲ್ ಹಾಕಿ, ದಿನವೂ ತೆಗೆದು ಒಣಗಿಸಿ.

ನಿವೃತ್ತ ಸಿಸ್ಟರ್, ಶಿವಮೊಗ್ಗ

ಸಕ್ಕರೆ ಇರುವವರಿಗೆ ಹೆಬ್ಬೆರಳಿನ ಉಂಗುಷ್ಠದ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಎಂಸಿಆರ್ (ಮೆತ್ತನೆಯ ಮೈಕ್ರೊಸೆಲ್ಯುಲರ್ ರಬ್ಬರ್) ಅಡಿಯದ್ದು ಕೊಳ್ಳಿ. ಸಂಜೆ ಹೊತ್ತಿನಲ್ಲೇ ಅಳತೆ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಅಮ್ಮನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಕಾಗದದ ಮೇಲೆ ಪಾದ ಬರೆದುಕೊಂಡು ಹೋಗಿ ತರಬೇಡಿ. ಮೊದಲ ದಿನ ಒಂದು ಗಂಟೆ ಮಾತ್ರ ಹಾಕಿಸಿ, ಬಿಚ್ಚಿದ ಮೇಲೆ ಎಲ್ಲಾದರೂ ಕೆಂಪಾಗಿದೆಯೇ ಎಂದು ಅಂಗಾಲು, ಬೆರಳುಗಳ ನಡುವೆ ನೀವೇ ನೋಡಿ.